ಆಣೆಗಾರನನ್ನು ಸೋಲಿಸುವ ಬಗೆ

ನಮ್ಮ ಭಾನುವಾರದ ಆಟಕ್ಕೆ ಒಬ್ಬ ಕೆಟ್ಟ ಧರ್ಮವೀರ ಬೇಕಾಗಿದ್ದ. ಅವನನ್ನು ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಶಾಲೆಯಲ್ಲಿ ಗಣಿತ ಕಲಿಸುವ, ನಲವತ್ತರ ಹತ್ತಿರ ಬಂದ ಹೆಂಗಸು ದಾಳ ಉರುಳಿಸಿ ರಾಕ್ಷಸರನ್ನು ಕೊಲ್ಲುತ್ತಾಳೆ ಎಂದರೆ ನಗುವವರು ನಗಲಿ. ಒಂದೇ ಶಾಲೆಯ ನಾಲ್ವರು ಟೀಚರುಗಳು ನಾವು, ಕನ್ನಡದವಳು ನಾನೊಬ್ಬಳೇ. ಕಂಪ್ಯೂಟರ್ ಟೀಚರ್ ಕಥೆ ನಡೆಸುತ್ತಾಳೆ, ಮಿಕ್ಕ ಮೂವರು ಒಂದೊಂದು ಪಾತ್ರವಾಗಿ ಮಾತಾಡುತ್ತೇವೆ. ಕತ್ತಿಯ ಏಟು ಬಿತ್ತೋ ತಪ್ಪಿತೋ ಎಂಬುದನ್ನು ದಾಳ ಹೇಳುತ್ತದೆ.

ಆಟದ ಪುಸ್ತಕದ ಪ್ರಕಾರ ಧರ್ಮವೀರನೆಂದರೆ ದೇವರ ಮುಂದೆ ಆಣೆ ಮಾಡಿ ದೀನರನ್ನು ಕಾಯುವ ಯೋಧ. ಆಣೆಯೇ ಅವನ ಬಲ. ಅವನ ಕೆಟ್ಟ ರೂಪ ಹೇಗಿರಬೇಕು ಎಂದಾಗ ಗೆಳತಿಯರು ಕಪ್ಪು ಕವಚ, ತಲೆಬುರುಡೆ, ರಕ್ತಬಲಿ ಎಂದು ಶುರು ಹಚ್ಚಿಕೊಂಡರು. ನನಗೆ ಸಿಟ್ಟು ಬಂತು. ಇವರ್‍ಯಾರೂ ದೇವರ ಹೆಸರಿನಲ್ಲಿ ಹಠ ಹಿಡಿದವರನ್ನು ಕಂಡೇ ಇಲ್ಲವೇ ಅನಿಸಿತು. "ಕೆಟ್ಟವನು ಆಣೆ ಮುರಿದವನಲ್ಲ, ಆಣೆ ಬಿಡದವನು" ಎಂದು ಹಿಂದಿಯಲ್ಲಿ ಹೇಳಿದೆ. ಹಾಗಾದರೆ ನೀನೇ ಬರೆದುಕೊಂಡು ಬಾ ಎಂದರು.

ಆ ವಾರವೆಲ್ಲ ಶಾಲೆಯಿಂದ ಬಂದು ಮಿಯಾಪುರದ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಕೂತು ಬರೆದೆ. ಅವನಿಗೆ 'ಆಣೆಗಾರ' ಎಂದು ಹೆಸರಿಟ್ಟೆ. ಒಬ್ಬಳೇ ಒಬ್ಬಳ ಜೊತೆ ಮಾತಾಡುವುದಿಲ್ಲವೆಂದು ಆಣೆ ಮಾಡಿದವನು. ಆಣೆ ಉಳಿಸಿಕೊಂಡಷ್ಟು ವರ್ಷ ಅವನ ಮೈ ಕಬ್ಬಿಣವಾಗುತ್ತ ಹೋಗುತ್ತದೆ. ಅವಳ ಹೆಸರು ಕಿವಿಗೆ ಬಿದ್ದರೆ ಅವನ ಕಿವಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಅವನ ಸುತ್ತ ಹತ್ತು ಹೆಜ್ಜೆಯೊಳಗೆ ಯಾರೂ ದನಿ ಎತ್ತಲಾರರು. ದಿನಾ ಮಿಂದು ದೀಪ ಹಚ್ಚುತ್ತಾನೆ, ಒಂದು ದಿನವೂ ತಪ್ಪಿಸುವುದಿಲ್ಲ.

ಅಷ್ಟು ಬರೆದಾಗ ಹೊರಕೋಣೆಯಲ್ಲಿ ಕಡ್ಡಿ ಗೀರಿದ ಸದ್ದಾಯಿತು. ಅಪ್ಪ ಸಂಜೆಯ ದೀಪ ಹಚ್ಚುತ್ತಿದ್ದರು. ನಾನು ಯಾರನ್ನು ಬರೆಯುತ್ತಿದ್ದೇನೆ ಎಂದು ಆಗಲೇ ತಿಳಿದದ್ದು.

ಅವ್ವನ ಕೊನೆಯ ದಿನಗಳಲ್ಲಿ ಅಪ್ಪ ಅವಳ ರೋಗದ ಹೆಸರನ್ನು ಅವಳಿಂದ ಮುಚ್ಚಿಟ್ಟಿದ್ದರು. ಅಕ್ಕ ಆಸ್ಪತ್ರೆಯಲ್ಲಿ ಅವ್ವನ ಕೈ ಹಿಡಿದುಕೊಂಡು ನಿಜ ಹೇಳಿಬಿಟ್ಟಳು. ಅವ್ವ ಕೇಳಿದ್ದಕ್ಕೇ ಹೇಳಿದ್ದು. ಅಪ್ಪ ಮನೆಗೆ ಬಂದವರೇ ದೀಪ ಮುಟ್ಟಿ, "ಇನ್ನ ಆಕೀ ಜೋಡಿ ಮಾತಾಡಿದರ ನನಗ ದೇವರಾಣಿ" ಎಂದರು. ಆವಾಗ ನಾನು ಆಸ್ಪತ್ರೆಗೆ ಒಯ್ಯುವ ಗಂಜಿಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅದಾಗಿ ಒಂಬತ್ತು ವರ್ಷ. ಅಕ್ಕನ ಮನೆ ಸನತ್‌ನಗರದಲ್ಲಿ, ಮೆಟ್ರೊದಲ್ಲಿ ಇಪ್ಪತ್ತು ನಿಮಿಷದ ದಾರಿ. ಅಲ್ಲಿಗೆ ಇಳಿಯುವ ಸ್ಟೇಷನ್ ಬಂದಾಗಲೆಲ್ಲ ಅಪ್ಪ ನಿದ್ದೆ ಬಂದವರಂತೆ ಕಣ್ಣು ಮುಚ್ಚುತ್ತಾರೆ. ನಾನು ಅಕ್ಕನ ಜೊತೆ ಫೋನಿನಲ್ಲಿ ಮಾತಾಡುವುದು ಬಚ್ಚಲಮನೆಯಲ್ಲಿ, ನಲ್ಲಿ ಬಿಟ್ಟುಕೊಂಡು.

ಅಪ್ಪ ಕೆಟ್ಟವರಲ್ಲ. ಅದೇ ನನ್ನ ಕಷ್ಟ. ಅವರಿಗೆ ಎಪ್ಪತ್ತಾರಾಗಿದೆ, ಮೆಟ್ಟಿಲ ಮೇಲೆ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಆಣೆ ಬಿಡುವ ಮೊದಲೇ ಇವರು ಹೋಗಿಬಿಟ್ಟರೆ ಎಂಬ ಭಯ ನನ್ನನ್ನು ಪಾಠದ ನಡುವೆಯೂ ಹಿಡಿದು ಅಲ್ಲಾಡಿಸುತ್ತಿತ್ತು. ಹಾಗಂತ ಬಾಯಿ ಬಿಟ್ಟು ಕೇಳುವ ಧೈರ್ಯ ಒಂದು ದಿನವೂ ಬರಲಿಲ್ಲ.

ಆ ಭಾನುವಾರ ಕಂಪ್ಯೂಟರ್ ಟೀಚರ್ ಮನೆಯಲ್ಲಿ ಸುಣ್ಣಬಣ್ಣ ನಡೆದಿತ್ತು. ಆಟ ನಮ್ಮ ಮನೆಗೆ ಬಂತು. ಟೇಬಲ್ ಮೇಲೆ ಹರಡಿದ್ದೆಲ್ಲ ಇಂಗ್ಲಿಷು, ಗೆಳತಿಯರ ಮಾತು ತೆಲುಗು ಇಲ್ಲವೇ ಹಿಂದಿ. ನನ್ನ ನೋಟ್‌ಬುಕ್ ಮಾತ್ರ ಕನ್ನಡದಲ್ಲಿತ್ತು. ಬೇರೆಯವರಿಗೆ ಓದಲು ಬಾರದೆಂದು ನಿಶ್ಚಿಂತೆಯಿಂದ ಹಾಗೆ ಬರೆದಿದ್ದೆ. ಕನ್ನಡ ಓದಬಲ್ಲ ಒಬ್ಬರೇ ಒಬ್ಬರು ಒಳಗೆ ಚುರುಮುರಿಗೆ ಒಗ್ಗರಣೆ ಹಾಕುತ್ತಿದ್ದಾರೆ ಎಂಬುದು ಈ ಗಣಿತದ ಟೀಚರ್ ತಲೆಗೆ ಹೊಳೆದಿರಲಿಲ್ಲ!

ಅಪ್ಪ ತಾಟು ತಂದಿಟ್ಟರು. ನೋಟ್‌ಬುಕ್ ಕಂಡು ಮುಖ ಅರಳಿತು. "ಇದೊಂದರ ಕನ್ನಡದಾಗ ಐತಿ ನೋಡು" ಎಂದು ಕೈಗೆತ್ತಿಕೊಂಡರು. ನಾನು ಕೈ ಚಾಚುವಷ್ಟರಲ್ಲಿ ಹಾಳೆ ತೆರೆದಿದ್ದರು. ಕನ್ನಡಕ ಏರಿಸಿ, ತುಟಿ ಅಲ್ಲಾಡಿಸುತ್ತ ಓದಿದರು. ಹಾಳೆ ತಿರುವಿದರು. ಮತ್ತೆ ಹಿಂದಿನ ಹಾಳೆಗೆ ಬಂದರು. ಗೆಳತಿಯರು ಚುರುಮುರಿ ತಿನ್ನುತ್ತ, ನಾನು ಆಗಷ್ಟೇ ವಿವರಿಸಿದ್ದ ಆಣೆಗಾರನನ್ನು ಸೋಲಿಸುವುದು ಹೇಗೆ ಎಂದು ನನ್ನನ್ನೇ ಕೇಳುತ್ತಿದ್ದರು. ಪ್ರತಿ ಪಾತ್ರಕ್ಕೂ ಒಂದು ಸೋಲಿನ ದಾರಿ ಇರಲೇಬೇಕು, ಅದು ಆಟದ ನಿಯಮ. ನಾನು ಆ ಜಾಗ ಖಾಲಿ ಬಿಟ್ಟಿದ್ದೆ.

"ಇಂವನ್ನ ಸೋಲಿಸೋದು ಹೆಂಗ ಅಂತ ಬರದೇ ಇಲ್ಲಲ್ಲ ಯವ್ವಾ?" ಎಂದರು ಅಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ.

"ಗೊತ್ತಾಗವಲ್ದರಿ ಅಪ್ಪಾ."

"ಅದರಾಗ ಏನೈತಿ? ಬಿಡ್ತು ಅನಬೇಕು, ಅಷ್ಟ." ಕುರ್ಚಿ ಎಳೆದು ಕೂತರು. "ಆದರ ತಾನಾಗೇ ಅನ್ನಾಕ ಬರಂಗಿಲ್ಲ. ಯಾರರ ಎದುರಿಗೆ ನಿಂತು 'ಬಿಡ್ತು ಅನ್ನು' ಅನಬೇಕು. ಆಮ್ಯಾಲೆ ಅಂವ ಅನ್ನೋದು."

ಅವ್ವನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು ಅದು. ಯಾರಾದರೂ ಸಾವು, ಕೇಡು, ಶಾಪ ಎಂದು ಬಾಯಿ ಜಾರಿದರೆ ಸಾಕು, ಲಟ್ಟಣಿಗೆ ಹಿಡಿದುಕೊಂಡೇ ಓಡಿ ಬಂದು "ಬಿಡ್ತು ಅನ್ನು!" ಎನ್ನುತ್ತಿದ್ದಳು. ನಾವು ನಗುತ್ತ "ಬಿಡ್ತು" ಅಂದರೆ ಆಡಿದ ಮಾತು ಅಲ್ಲಿಗೇ ಬಿದ್ದುಹೋಗುತ್ತಿತ್ತು.

ಅಪ್ಪ ನೋಟ್‌ಬುಕ್ಕನ್ನೇ ನೋಡುತ್ತ ಹೇಳಿದರು. "ನಿಮ್ಮವ್ವ ಮನ್ಯಾಗ ಇದ್ದಿದ್ದರ ಅವತ್ತ ಅಲ್ಲೇ ಅಂತಿದ್ದಳು. ಆಕಿ ದವಾಖಾನ್ಯಾಗ ಇದ್ದಳು. ನಾ ದೀಪದ ಮುಂದ ಭಾಳ ಹೊತ್ತು ನಿಂತಿದ್ದೆ. ಯಾರೂ ಅನಲಿಲ್ಲ."

ಗಂಜಿಯ ಡಬ್ಬಿಯ ಬಿಸಿ ಅಂಗೈಗೆ ಮತ್ತೆ ತಾಗಿದಂತಾಯಿತು. ಹೌದು, ಅವರು ನಿಂತೇ ಇದ್ದರು. ನಾನದನ್ನು ಸಿಟ್ಟೆಂದು ತಿಳಿದು, ಸದ್ದಾಗದಂತೆ ಚಪ್ಪಲಿ ಮೆಟ್ಟಿ ಹೊರಟುಹೋಗಿದ್ದೆ. ಒಂಬತ್ತು ವರ್ಷ ಅಪ್ಪ ಬಿಡಲಿ ಎಂದು ನಾನು ಕಾದೆ. ಅಪ್ಪ, ಯಾರಾದರೂ ಬಿಡಿಸಲಿ ಎಂದು ಕಾದರು. ಆ ಮನೆಯಲ್ಲಿ ನನ್ನ ಹೊರತು ಇನ್ನು ಯಾರಿದ್ದರು?

ಹಿರಿಯರಿಗೆ ಕಿರಿಯರು ಹೇಳುವ ಮಾತಲ್ಲ ಅದು. ಆದರೂ ಎದ್ದು ನಿಂತೆ.

"ಅಪ್ಪಾ, ಬಿಡ್ತು ಅನ್ರಿ."

ಭಾಷೆ ತಿಳಿಯದ ಗೆಳತಿಯರೂ ತಿನ್ನುವುದನ್ನು ನಿಲ್ಲಿಸಿದರು. ಅಪ್ಪ ಕನ್ನಡಕ ತೆಗೆದಿಟ್ಟರು. ದೇವರ ಗೂಡಿನ ಕಡೆ ನೋಡಿ, ಪಾಠ ಒಪ್ಪಿಸುವ ಹುಡುಗನ ಹಾಗೆ, "ಬಿಡ್ತು" ಎಂದರು.

ಕಂಪ್ಯೂಟರ್ ಟೀಚರ್ ಪೆನ್ಸಿಲ್ ಹಿಡಿದು, ನಿಯಮ ಸಿಕ್ಕಿತೇ ಎಂದು ಮೆಲ್ಲಗೆ ಕೇಳಿದಳು. ಸಿಕ್ಕಿತು ಎಂದು ತಲೆಯಾಡಿಸಿದೆ.

ಅಪ್ಪ ಒಳಗೆ ಹೋದರು. ಹೊರಗೆ ಬಂದಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು, ಕೈಯಲ್ಲಿ ಚುರುಮುರಿ ತುಂಬಿದ ಡಬ್ಬಿ ಇತ್ತು.

"ಸನತ್‌ನಗರಕ್ಕ ಯಾವ ಸ್ಟೇಷನ್ನಾಗ ಇಳೀಬೇಕು?" ಎಂದು ಕೇಳಿದರು. ಅವರಿಗೆ ಗೊತ್ತೇ ಇಲ್ಲವೆಂಬಂತೆ ನಾನು ಸ್ಟೇಷನ್ನಿನ ಹೆಸರು ಹೇಳಿದೆ.