ಗೋಡೆಯಾಚೆಯ ಬ್ಲೂಟೂತ್

ಮೊನ್ನೆ ನನ್ನ ಫೋನು ಹೊಟ್ಟೆ ತುಂಬಿದೆಯೆಂದು ಮುಷ್ಕರ ಹೂಡಿತು. ಗುಡ್ ಮಾರ್ನಿಂಗ್ ಹೂವುಗಳನ್ನೆಲ್ಲ ಅಳಿಸಿದರೂ ಜಾಗ ಸಾಲದೆ ಹುಡುಕಿದರೆ, ಕೋವಿಡ್ ಕಾಲದ ಆ ಸರ್ಕಾರಿ ಆಪ್ ಇನ್ನೂ ಮೂಲೆಯಲ್ಲಿ ಕೂತಿತ್ತು. ಹಸಿರಾದರೆ ಕ್ಷೇಮ, ಕಿತ್ತಳೆಯಾದರೆ ಸೋಂಕಿತರ ಹತ್ತಿರವಿದ್ದಿರಿ ಎಂದರ್ಥ. ನಿಮಗೂ ನೆನಪಿರಬೇಕು.

ನಾನೋ ಒಬೀಡಿಯೆಂಟ್ ಗರ್ಲ್. ಕಾನ್ವೆಂಟಿನ ಸಿಸ್ಟರುಗಳು ಹಾಗೆ ತಿದ್ದಿಬಿಟ್ಟಿದ್ದರು. ಹೇಳಿದ ದಿನವೇ ಡೌನ್‌ಲೋಡ್ ಮಾಡಿ, ಬ್ಲೂಟೂತ್ ಆನ್ ಇಟ್ಟು, ಚೆನ್ನೈ ಅಡ್ಯಾರಿನ ಈ ಫ್ಲಾಟಿನ ಬಾಗಿಲು ಹಾಕಿಕೊಂಡು ಕೂತೆ. ಆದರೂ ಒಂದು ಬೆಳಿಗ್ಗೆ ಸ್ಕ್ರೀನು ಕಿತ್ತಳೆ! ವಾಟ್ ನಾನ್‌ಸೆನ್ಸ್, ಹೊಸಿಲು ದಾಟದ ಮುದುಕಿ ನಾನು ಯಾರ ಹತ್ತಿರ ಹೋಗಿದ್ದೆ?

ಅಷ್ಟರಲ್ಲಿ ಗೋಡೆಯಾಚೆ ಪಕ್ಕದ ಮನೆಯ ಶಾರದಕ್ಕನ ಫೋನು ರಿಂಗಾಯಿತು. ಎಂದಿನಂತೆ ಯಾರೂ ಎತ್ತಲಿಲ್ಲ. ಸ್ನಾನವಾದ ಮೇಲೆ ಪೂಜೆ, ಅಡುಗೆ ಮುಗಿಯುವವರೆಗೆ ನಾವಿಬ್ಬರೂ ಮಡಿ, ಫೋನು ಮುಟ್ಟುವುದಿಲ್ಲ. ಅವರದು ಆ ಬದಿಯ ಶೆಲ್ಫಿನಲ್ಲಿ, ನನ್ನದು ಈ ಬದಿಯದರಲ್ಲಿ. ನಾವು ಯಾರನ್ನೂ ಮುಟ್ಟದೆ ಓಡಾಡುವಾಗ, ಫೋನುಗಳೆರಡೂ ಬೆನ್ನಿಗೆ ಬೆನ್ನು ಕೊಟ್ಟು ಗಂಟೆಗಟ್ಟಲೆ ಹರಟುತ್ತಿದ್ದವು. ಬ್ಲೂಟೂತಿಗೆ ಇಟ್ಟಿಗೆ ಗೋಡೆ ಕಾಣಿಸುವುದಿಲ್ಲವಂತೆ. ಯಾರ ಹೆಸರೂ ಹೊರಬೀಳದು ಎಂದು ಪಾಪ, ಆಪಿನವರು ಭರವಸೆ ಕೊಟ್ಟಿದ್ದರು. ಎಲ್ಲಿಗೂ ಹೋಗದವಳಿಗೆ ಹೆಸರು ಬೇರೆ ಹೇಳಬೇಕೆ?

ಬಾಲ್ಕನಿಗೆ ಹೋಗಿ ಕೂಗಿದೆ. "ಶಾರದಕ್ಕ, ಟೆಸ್ಟ್ ಮಾಡಿಸಿದ್ರಾ?"

ಮೊದಲು ಕೆಮ್ಮು ಬಂತು. "ನಿಮಗೆ ಯಾರು ಹೇಳಿದ್ದು ಮಾರಾಯ್ರೆ?"

"ನಿಮ್ಮ ಫೋನು."

"ಹಾಳಾದ್ದು! ನಾನು ಮಗನಿಗೂ ಹೇಳ್ಲಿಲ್ಲ."

ಮಗನದು ವಡಪಳನಿಯಲ್ಲಿ ಸಣ್ಣ ಹೋಟೆಲು. ಆಗ ಪಾರ್ಸೆಲ್ ಒಂದರಿಂದಲೇ ಅದರ ಒಲೆ ಉರಿಯುತ್ತಿತ್ತು. ಅವನು ತಾಯಿಯ ಮುಖ ಕಾಣದೆ ಎಷ್ಟೋ ವಾರಗಳಾಗಿದ್ದವು. ಆದರೆ ಅದನ್ನು ನಂಬುವವರು ಯಾರು? ಓನರಿನ ತಾಯಿಗೇ ಕೊರೋನಾ ಎಂದರೆ ಅವನ ಇಡ್ಲಿ ಯಾರು ತಿಂದಾರು?

"ಬಾಯಿ ಬಿಡ್ಬೇಡಿ ಆಯ್ತಾ," ಎಂದರು. "ಸೋಂಕಿನ ಮನೆ ಅಂತ ಬಾಗಿಲಿಗೆ ತಗಡು ಹೊಡೆದ್ರೆ ಊರಿಗೆಲ್ಲ ಗೊತ್ತಾಗ್ತದೆ."

ನಾನು ಬಾಯಿ ಬಿಡಲಿಲ್ಲ. ಗಂಜಿ, ಸಾರನ್ನು ಅವರ ಬಾಗಿಲ ಹಿಡಿಕೆಗೆ ತೂಗುಹಾಕಿದೆ; ಜೊತೆಗೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನೂ. ಅದರ ನಂಬರನ್ನು ಅವರು ಬಾಲ್ಕನಿಯಿಂದ ಕೂಗಬೇಕೆಂದು ಕರಾರಾಯಿತು. ಒಂದು ಸಂಜೆ ಆ ನಂಬರು ಇಳಿದೇ ಇಳಿಯಿತು.

"ಸಾಕು ಶಾರದಕ್ಕ, ಸೆಕ್ರೆಟರಿಗೆ ಹೇಳೋಣ."

"ಹೋಟ್ಲು?"

"ಹೋಟ್ಲು ಮುಚ್ಚಿದ್ರೆ ಮತ್ತೆ ತೆರೀಬೋದು. ನಿಮ್ಮನ್ನ ಎಲ್ಲಿಂದ ತರೋದು?"

"ಕಾನ್ವೆಂಟಿನವ್ರಿಗೆ ಬಾಯಿ ಜೋರು," ಎಂದು ಗೊಣಗಿ, ಆಮೇಲೆ ತಾವೇ ಸೆಕ್ರೆಟರಿಗೆ ಫೋನು ಮಾಡಿದರು.

ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ನೋಟಿಸು ಅಂಟಿಸುವುದರಲ್ಲಿ ಶೂರರು. ತಗಡೇ ತಂದಾರು ಎಂದುಕೊಂಡಿದ್ದೆ, ಕಾರು ತಂದರು. ನಾಲ್ಕೂ ಗಾಜು ಇಳಿಸಿ, "ಮುದಲ್ಲೇಯೇ ಸೊಲ್ಲಕ್ಕೂಡಾದಾ ಮಾಮಿ?" ಮೊದಲೇ ಹೇಳಬಾರದಿತ್ತೇ ಎಂದು ತಮಿಳಿನಲ್ಲಿ ಗದರುತ್ತಲೇ ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ಶಾರದಕ್ಕ ಗುಣವಾಗಿ ಬಂದರು. ಹೋಟೆಲಿಗೆ ಕೆಲವು ವಾರ ಗಿರಾಕಿ ಕಡಿಮೆಯಾದದ್ದು ನಿಜ. ಆದರೆ ನಮ್ಮ ಬಿಲ್ಡಿಂಗಿನಿಂದಲೇ ಪಾರ್ಸೆಲ್ಲಿಗೆ ಫೋನು ಹೋಗತೊಡಗಿತು, ಮೊದಲ ಆರ್ಡರು ಸೆಕ್ರೆಟರಿಯದೇ.

ಮೊನ್ನೆ ಆ ಆಪನ್ನು ಅಳಿಸಿ, ಸುದ್ದಿ ಹೇಳಲೆಂದು ಪಕ್ಕಕ್ಕೆ ಹೋದೆ. ಈಗ ಅವರ ಬೀಗದ ಕೈ ನನ್ನಲ್ಲಿ, ನನ್ನದು ಅವರಲ್ಲಿ. ಶಾರದಕ್ಕ ಸೋಫಾದಲ್ಲಿ ಶಾಲು ಹೊದ್ದು ಕೂತಿದ್ದರು.

"ಬೆಳಗ್ಗಿಂದ ಮೈ ಬಿಸಿ. ನಾನೇ ನಿಮಗೆ ಹೇಳುವ ಅಂತಿದ್ದೆ," ಎಂದರು.

ನಾನು ಪಕ್ಕದಲ್ಲೇ ಕೂತು, ಅವರ ಹಣೆಯ ಮೇಲೆ ಕೈಯಿಟ್ಟೆ.