ಹಡರ್ಸ್‌ಫೀಲ್ಡಿನಲ್ಲಿ ಒಂದು ಪಾತ್ರೆ ಗಂಬೋ

ಮಾರ್ಚ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಏಳಕ್ಕೆ ನಾನೂ ತಂಗಿ ಶೈಲಜಾಳೂ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್ ಬಡಾವಣೆಯ ಅವಳ ಮನೆಯಿಂದ ಹೊರಟೆವು. ಜಿನುಗು ಮಳೆ, ಮೂಳೆ ಕೊರೆಯುವ ಚಳಿ. ಬಸ್ಸು ಹಿಡಿದು ಊರಿನ ರೈಲು ನಿಲ್ದಾಣ, ಅಲ್ಲಿಂದ ಒಂದೂವರೆ ಗಂಟೆ ಮ್ಯಾಂಚೆಸ್ಟರು, ಮತ್ತೆ ರೈಲು ಬದಲಿಸಿ ಹಡರ್ಸ್‌ಫೀಲ್ಡ್. ಹೋಗಿಬರಲು ತಲಾ ನಲವತ್ತೆಂಟು ಪೌಂಡ್. ಮಂಗಳೂರಿನಿಂದ ಒಂದು ತಿಂಗಳಿಗೆಂದು ಬಂದ ನಾನು ಲಂಡನ್ ನೋಡುವುದು ಬಿಟ್ಟು ಅಡುಗೆ ತರಗತಿಗೆ ಹೊರಟದ್ದಕ್ಕೆ ಕಾರಣವಿತ್ತು.

ಶೈಲಜಾ ಆಸ್ಪತ್ರೆಯಲ್ಲಿ ಎಕ್ಸ್‌ರೇ, ಸ್ಕ್ಯಾನ್ ತೆಗೆಯುವ ರೇಡಿಯೋಗ್ರಾಫರ್. ಮೂರು ವರ್ಷದ ಹಿಂದೆ ಅವಳಿಗೆ ಬಂದ ಜ್ವರವೊಂದು ಹೋಗುವಾಗ ವಾಸನೆ ಹಿಡಿಯುವ ಶಕ್ತಿಯನ್ನೂ ಒಯ್ದುಬಿಟ್ಟಿತು. ಜಿಪಿ ಎನ್ನುವ ಬಡಾವಣೆಯ ಡಾಕ್ಟರು, ತಜ್ಞರು ಎಲ್ಲ ಆಯಿತು. ಅದು ಮರಳಲಿಲ್ಲ. ಆಮೇಲೊಮ್ಮೆ ಒಲೆಯ ಮೇಲೆ ಸಾರು ಸೀದು ಹೊಗೆಯೆದ್ದರೂ ಗೊತ್ತಾಗದೆ ಪಕ್ಕದ ಕೋಣೆಯಲ್ಲಿ ಕೂತಿದ್ದಳು. ನೆರೆಯವರು ಬಾಗಿಲು ಬಡಿದರಂತೆ. ಅಂದಿನಿಂದ ಅವಳು ಒಲೆ ಹಚ್ಚಿಲ್ಲ. ಊಟವೆಲ್ಲ ಅಂಗಡಿಯ ಡಬ್ಬಿ, ಮೈಕ್ರೊವೇವ್. ವಾಸನೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ಮತ್ತೆ ಒಲೆಯ ಮುಂದೆ ನಿಲ್ಲಲಿ ಎಂದು ಈ ತರಗತಿಗೆ ಇಬ್ಬರ ಹೆಸರೂ ಬರೆಸಿದವಳು ನಾನೇ.

"ಜೊತೆಗೆ ಬರ್ತೇನೆ ಅಕ್ಕ. ಆದ್ರೆ ಸೌಟು ಹಿಡೀಲಿಕ್ಕೆ ಹೇಳ್ಬೇಡ," ಎಂದು ಮೊದಲೇ ಹೇಳಿಬಿಟ್ಟಿದ್ದಳು.

ಮ್ಯಾಂಚೆಸ್ಟರ್ ದಾಟಿದ ಮೇಲೆ ಬೆಟ್ಟಗಳು ಹತ್ತಿರ ಬಂದವು. ಮರಗಳಿಲ್ಲದ, ಒಣಹುಲ್ಲಿನ ಬಣ್ಣದ ಬೆಟ್ಟಗಳು. ಅವುಗಳ ಮೇಲೆ ಗೆರೆ ಎಳೆದಂತೆ ಕಲ್ಲಿನ ಗೋಡೆಗಳು. ರೈಲು ಉದ್ದನೆಯ ಸುರಂಗವೊಂದನ್ನು ಹೊಕ್ಕು ಹೊರಬಂದಾಗ ಯಾರ್ಕ್‌ಷೈರ್. ಹಡರ್ಸ್‌ಫೀಲ್ಡಿನ ನಿಲ್ದಾಣದ ಮುಂದೆ ಅರಮನೆಯಂಥ ಕಂಬಗಳ ಸಾಲು. ಕತ್ತೆತ್ತಿ ನೋಡುತ್ತಾ ನಿಂತ ನನ್ನನ್ನು ತಂಗಿ ಕೈಹಿಡಿದು ಎಳೆದುಕೊಂಡು ಹೋದಳು.

ತರಗತಿ ಇದ್ದದ್ದು ಕಾಲುವೆಯ ಪಕ್ಕದ ಹಳೆಯ ಉಣ್ಣೆ ಗಿರಣಿಯಲ್ಲಿ. ಕಲಿಸುವಾಕೆ ಡೆಲ್ಫಿನ್, ಅಮೆರಿಕದ ಲೂಸಿಯಾನಾದವರು, ಎಪ್ಪತ್ತರ ಆಸುಪಾಸು. ಮದುವೆಯಾಗಿ ಈ ಊರಿಗೆ ಬಂದು ನಲವತ್ತು ವರ್ಷವಾದರೂ ಎಲ್ಲರನ್ನೂ ತಮ್ಮೂರಿನವರಂತೆ 'ಬೇಬಿ' ಎಂದೇ ಕರೆಯುತ್ತಿದ್ದರು. ಲೂಸಿಯಾನಾದ ಪೇಟೆಯವರ ಅಡುಗೆ ಕ್ರಿಯೋಲ್, ಅದಕ್ಕೆ ಟೊಮೆಟೊ ಬೀಳುತ್ತದೆ. ಹಳ್ಳಿಯವರದು ಕೇಜನ್, ಅದಕ್ಕೆ ಬೀಳುವುದಿಲ್ಲ. ಇಷ್ಟನ್ನು ಎರಡೇ ಮಾತಿನಲ್ಲಿ ಹೇಳಿ ಮುಗಿಸಿದರು. ಅಂದಿನ ಅಡುಗೆ ಗಂಬೋ: ಸೀಗಡಿ, ಬೆಂಡೆಕಾಯಿ ಹಾಕಿ ಅನ್ನದ ಮೇಲೆ ಸುರಿದುಕೊಳ್ಳುವ ಗಟ್ಟಿ ಸಾರು. ಅದರ ಜೀವ 'ರೂ'. ಎಣ್ಣೆಯನ್ನೂ ಮೈದಾವನ್ನೂ ಸಮ ಹಾಕಿ, ಕೈ ಬಿಡದೆ ಮುಕ್ಕಾಲು ಗಂಟೆ ಕೆದಕುತ್ತಾ ಹುರಿಯಬೇಕು.

"ಬಾ ಬೇಬಿ, ಇದು ನಿನ್ನ ಒಲೆ," ಎಂದರು ಡೆಲ್ಫಿನ್ ತಂಗಿಗೆ.

ಶೈಲಜಾ ಹಿಂದೆ ಸರಿದಳು. "ನನಗೆ ವಾಸನೆ ಗೊತ್ತಾಗೋದಿಲ್ಲ. ಸೀದ್ರೂ ತಿಳಿಯೋದಿಲ್ಲ. ನಾನು ಬೆಂಕಿ ಹತ್ತಿರ ಇರಬಾರದು," ಎಂದು ಇಂಗ್ಲಿಷಿನಲ್ಲಿ ಹೇಳಿದಳು. ತರಗತಿಗೆ ಬಂದ ಎಂಟು ಜನರ ಎದುರು. ಕೋಟು ಎತ್ತಿಕೊಂಡೂ ಆಗಿತ್ತು. ಅವಳನ್ನು ಎಳೆದು ತಂದ ತಪ್ಪಿಗೆ ನನಗೆ ತಲೆ ಎತ್ತಲಾಗಲಿಲ್ಲ.

ಡೆಲ್ಫಿನ್ ಗೋಡೆಯ ಫ್ಯಾನು ಆರಿಸಿ, ಕೋಣೆಯಲ್ಲಿ ಮೊಳಗುತ್ತಿದ್ದ ಹಾಡು ನಿಲ್ಲಿಸಿದರು. ಒಲೆಯ ಪಕ್ಕ ಒಂದು ಬಾದಾಮಿ, ಒಂದು ಹಳೆಯ ತಾಮ್ರದ ಪೆನ್ನಿ ನಾಣ್ಯ, ಒಂದು ಚೂರು ಚಾಕಲೇಟು ಸಾಲಾಗಿ ಇಟ್ಟರು.

"ಹಿಟ್ಟು ಇದೇ ಸಾಲಿನಲ್ಲಿ ಬಣ್ಣ ತಿರುಗಿ ಚಾಕಲೇಟಿಗೆ ಬಂದು ನಿಲ್ಲಬೇಕು. ಬಣ್ಣ ನೋಡು, ಸದ್ದು ಕೇಳು. ರೂ ಸೀದದ್ದು ಮೂಗಿಗೆ ಗೊತ್ತಾಗೋ ಹೊತ್ತಿಗೆ ತಡ ಆಗಿರುತ್ತೆ ಬೇಬಿ. ನಿನ್ನ ಕೆಲಸ ಏನು?"

"ಎಕ್ಸ್‌ರೇ."

"ಹಾಗಾದ್ರೆ ಬೂದಿ ಬಣ್ಣದಲ್ಲಿ ಎಷ್ಟು ಬಗೆ ಅಂತ ನನಗೇ ನೀನು ಹೇಳಿಕೊಡಬೇಕು."

ತಂಗಿ ಕೋಟು ಕೆಳಗಿಟ್ಟಳು.

ನಾನು ಪಕ್ಕದ ಒಲೆಯಲ್ಲಿದ್ದೆ. ಮೊದಲ ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಬಿಳಿ ಹಿಟ್ಟು ಮರಳಿನ ಬಣ್ಣಕ್ಕೆ ತಿರುಗಿತು. ನೋಡನೋಡುತ್ತಾ ಬಾದಾಮಿ, ಆಮೇಲೆ ತಾಮ್ರ. ಒಂದು ಹಿಡಿ ಮೈದಾದೊಳಗೆ ಇಷ್ಟು ಬಣ್ಣಗಳು ಅಡಗಿದ್ದವೇ ಎಂದು ಮೂವತ್ತು ವರ್ಷ ಅಡುಗೆ ಮಾಡಿದ ನಾನು ಬೆರಗಾಗಿ ನೋಡುತ್ತಿದ್ದೆ. ಆ ಬೆರಗಿನಲ್ಲೇ ಕೈ ನಿಧಾನವಾಯಿತೇನೋ.

"ಅಕ್ಕಾ! ಕಪ್ಪು ಚುಕ್ಕೆ ಬಂತು. ಇಳಿಸು!" ಎಂದಳು ಶೈಲಜಾ, ತನ್ನ ಪಾತ್ರೆಯಲ್ಲಿ ಕೈಯಾಡಿಸುತ್ತಲೇ.

ಬಗ್ಗಿ ನೋಡಿದೆ. ನನಗೇನೂ ಕಾಣಲಿಲ್ಲ. ಮೂಗಿಗೂ ಹುರಿದ ಗೇರುಬೀಜದ ಪರಿಮಳವೇ. ಮರುಕ್ಷಣ ಘಾಟು ಬಂತು. ಡೆಲ್ಫಿನ್ ಬಂದು ಇಣುಕಿ, ನನ್ನ ಪಾತ್ರೆಯನ್ನು ಒಲೆಯಿಂದ ಎತ್ತಿಟ್ಟರು.

ತಂಗಿಯ ಪಾತ್ರೆಯಲ್ಲಿ ಚಾಕಲೇಟು ಬಣ್ಣ ಹೊಳೆಯುತ್ತಿತ್ತು. ಡೆಲ್ಫಿನ್ ಬಾಯಿ ತೆರೆಯುವ ಮೊದಲೇ ಅವಳು ಹೆಚ್ಚಿದ ಈರುಳ್ಳಿ, ಸೆಲರಿ ದಂಟು, ದಪ್ಪ ಮೆಣಸಿನಕಾಯಿ ಸುರಿದಳು. ಚೊರ್ ಎಂದು ಇಡೀ ಗಿರಣಿ ತುಂಬುವ ಸದ್ದು. ಡೆಲ್ಫಿನ್ ಉಳಿದವರನ್ನೆಲ್ಲ ಕರೆದು ಅದನ್ನು ತೋರಿಸಿದರು. "ಇದು ನೋಡಿ. ನನಗೆ ಇದು ಬರಲಿಕ್ಕೆ ವರ್ಷಗಳು ಹಿಡಿದವು." ಶೈಲಜಾಳ ಮುಖದಲ್ಲಿ ಬೆವರೋ ಕಣ್ಣೀರೋ ತಿಳಿಯಲಿಲ್ಲ.

ಮಧ್ಯಾಹ್ನ ಎರಡಕ್ಕೆ ಎಲ್ಲರೂ ಉದ್ದ ಮೇಜಿನ ಸುತ್ತ ಕೂತು ಉಂಡೆವು. ಶೈಲಜಾಳ ನಾಲಗೆಗೆ ತಿಳಿಯುವುದು ಉಪ್ಪು, ಹುಳಿ, ಸಿಹಿ, ಕಹಿ, ಮೆಣಸಿನ ಉರಿ ಅಷ್ಟೇ. "ಉಪ್ಪು ಒಂಚೂರು ಬೇಕು," ಎಂದಳು. ಬೇಕಿತ್ತು.

ನಾಲ್ಕೂವರೆಯ ರೈಲಿಗೆ ಮಳೆ ನಿಂತಿತ್ತು. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ರೈಲು ಸುರಂಗ ಹೊಕ್ಕಾಗ ನನ್ನತ್ತ ತಿರುಗಿದಳು.

"ಅಕ್ಕ, ಪರಿಮಳ ಹೇಗಿತ್ತು?"

ಮೂರು ವರ್ಷದಲ್ಲಿ ಅವಳಾಗಿ ಕೇಳಿದ್ದು ಅದೇ ಮೊದಲು.

"ಹೇಳು ಮಾರಾಯ್ತಿ. ನೀನು ಹೇಳಿದ್ರೆ ನಂಗೆ ನೆನಪಾಗ್ತದೆ."

"ಸುರುವಿಗೆ ಗೇರುಬೀಜ ಹುರಿದ ಹಾಗೆ," ಎಂದೆ. "ಮತ್ತೆ ಕಾಫಿ ಬೀಜ. ಈರುಳ್ಳಿ ಬಿದ್ದ ಕೂಡ್ಲೆ ಸಿಹಿ ಸಿಹಿ..."

ಅವಳು ಕಣ್ಣು ಮುಚ್ಚಿಕೊಂಡಳು. "ಹ್ಞಾಂ. ಮತ್ತೆ?"

ಸುರಂಗ ಮುಗಿದು ಬಿಸಿಲು ಒಳಗೆ ಬಂತು. ಮ್ಯಾಂಚೆಸ್ಟರ್ ಬರುವವರೆಗೂ ನಾನು ಹೇಳುತ್ತಲೇ ಇದ್ದೆ.