ಅತ್ತಿಗೆಯ ಸೋಮವಾರ, ಗುರುವಾರ

ಮಗಳು ಹುಟ್ಟಿದ್ದು ರಂಝಾನಿಗೆ ಸ್ವಲ್ಪ ಮೊದಲು. ಗಂಡನ ಮನೆ ಬೆಳ್ತಂಗಡಿ; ಅಲ್ಲಿಯೇ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಟೀಚರ್. ಬಾಣಂತನಕ್ಕೆ ರಜೆ ಹಾಕಿ ತೋಡಾರಿನ ತವರಿಗೆ ಬಂದಿದ್ದೆ. ಆಗ ಮನೆಯಲ್ಲಿ ಇದ್ದವರು ಬಾಪ, ಉಮ್ಮ, ದುಬೈಯಲ್ಲಿರುವ ಅಣ್ಣನ ಹೆಂಡತಿ, ಅವಳ ಇಬ್ಬರು ಮಕ್ಕಳು. ಅತ್ತಿಗೆ ನನ್ನ ಓರಗೆಯವಳೇ. ಮನೆಯೊಳಗೆ ನಾವು ಆಡುವುದು ಬ್ಯಾರಿ ಭಾಷೆ. ಆ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬಾಣಂತಿಗೆ ನೋಂಬು, ಅಂದರೆ ರಂಝಾನಿನ ಉಪವಾಸ, ಇಲ್ಲ. ರಕ್ತ ನಿಲ್ಲುವವರೆಗೆ ಹಿಡಿಯಲೇಬಾರದು. ನಿಂತ ಮೇಲೂ ಮಗುವಿಗೆ ಹಾಲು ಕಡಿಮೆಯಾದೀತೆಂಬ ಭಯವಿದ್ದರೆ ಬಿಡಬಹುದು. ಬಿಟ್ಟದ್ದನ್ನು ಮುಂದೆ ಹಿಡಿದು ತೀರಿಸಬೇಕು. ಹಾಗೆ ತೀರಿಸುವ ಉಪವಾಸಕ್ಕೆ ನಮ್ಮಲ್ಲಿ ಖಳಾ ಎನ್ನುತ್ತಾರೆ. ಇದೆಲ್ಲ ಮದ್ರಸಕ್ಕೆ ಹೋಗುವ ಹುಡುಗಿಗೂ ಗೊತ್ತಿರುವ ವಿಷಯ. ಆದರೆ ಗೊತ್ತಿರುವುದು ಬೇರೆ, ಮನೆಮಂದಿಯೆಲ್ಲ ಬಾಯಿ ಒಣಗಿಸಿಕೊಂಡು ಕೂತಿರುವಾಗ ಒಬ್ಬಳೇ ಅನ್ನ ಕಲಸುವುದು ಬೇರೆ.

ನಾನು ದೊಡ್ಡವಳಾದ ವರ್ಷವೇ ಉಮ್ಮ ಕಲಿಸಿಕೊಟ್ಟಿದ್ದಳು. ತಿಂಗಳಿನ ಆ ದಿನಗಳಲ್ಲಿ ನೋಂಬಿಲ್ಲದಿದ್ದರೂ ಅಡುಗೆಮನೆಯ ಹಿಂದಿನ ಉಗ್ರಾಣಕ್ಕೆ ಹೋಗಿ, ಬಾಗಿಲು ಎಳೆದುಕೊಂಡು, ತಟ್ಟೆಯ ಸದ್ದಾಗದ ಹಾಗೆ ತಿನ್ನಬೇಕು. ಬಾಪನ ಕಣ್ಣಿಗೆ, ಅಣ್ಣನ ಕಣ್ಣಿಗೆ ಬೀಳಬಾರದು. ಬೆಳಗಿನ ಜಾವದ ಸಹರಿಗೆ ಎಬ್ಬಿಸಿದರೆ ಎದ್ದು ಎಲ್ಲರ ಜೊತೆ ಉಣ್ಣಬೇಕು, ಸಂಜೆ ಮಸೀದಿಯಲ್ಲಿ ಬಾಂಗ್ ಆದಾಗ ನೋಂಬು ಹಿಡಿದವಳ ಹಾಗೆ ಖರ್ಜೂರ ಬಾಯಿಗಿಡಬೇಕು. ಹಸಿವಿಲ್ಲದೆ ಖರ್ಜೂರ ನುಂಗುವಾಗ ಆಗುತ್ತಿದ್ದ ನಾಚಿಕೆ ನನಗೆ ಇವತ್ತಿಗೂ ಗಂಟಲಲ್ಲಿದೆ. ಮೂವತ್ತು ದಾಟಿ, ಮಕ್ಕಳಿಗೆ ಪಾಠ ಹೇಳುವವಳಾಗಿ, ಹೆತ್ತವಳಾಗಿಯೂ ನಾನು ಆ ರಂಝಾನಿನಲ್ಲಿ ಅದೇ ಉಗ್ರಾಣದಲ್ಲಿ ಅಕ್ಕಿ ಮೂಟೆಯ ಪಕ್ಕ ಕೂತು ಮೆಂತೆ ಗಂಜಿ ಕುಡಿಯುತ್ತಿದ್ದೆ.

ಒಂದು ಮಧ್ಯಾಹ್ನ ಬಾಪ ಗ್ಯಾಸ್ ಸಿಲಿಂಡರಿನ ಸ್ಪ್ಯಾನರ್ ಹುಡುಕುತ್ತಾ ಬಾಗಿಲು ತೆರೆದರು. ನನ್ನ ಬಾಯಿ ತುಂಬಾ ಗಂಜಿ. ಅವರು ಏನೂ ನೋಡದವರಂತೆ ತಿರುಗಿ ಹೋದರು. ಮರುದಿನದಿಂದ ಅಡುಗೆಮನೆಯ ಕಡೆ ಬರುವ ಮೊದಲು ಚಾವಡಿಯಿಂದಲೇ ಕೆಮ್ಮತೊಡಗಿದರು. ನನಗೆ ಮುಜುಗರವಾಗದಿರಲಿ ಎಂದು ಕೆಮ್ಮುತ್ತಿದ್ದರು, ಪಾಪ. ನನಗೆ ಮಾತ್ರ ಆ ಕೆಮ್ಮು ಕೇಳಿದಾಗಲೆಲ್ಲ ಕದ್ದು ತಿನ್ನುವವಳು ಸಿಕ್ಕಿಬಿದ್ದ ಹಾಗಾಗುತ್ತಿತ್ತು.

ಬಾಪ ಕೆಟ್ಟವರಲ್ಲ. ಮೂಡುಬಿದಿರೆ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟು ನಮ್ಮನ್ನೆಲ್ಲ ಓದಿಸಿದವರು. ಅವರಿಗೆ ದೀನಿನ, ಧರ್ಮದ ವಿಷಯದಲ್ಲಿ ಒಂದು ಹೆಮ್ಮೆ, ಅಷ್ಟೆ. ತನ್ನ ಮನೆಯ ಹೆಂಗಸರು ನೋಂಬಿನಲ್ಲಿ ಹಿಂದೆ ಬಿದ್ದವರಲ್ಲ ಎಂದು ನಾಲ್ಕು ಜನರೆದುರು ಹೇಳುವುದು ಅವರಿಗೆ ಇಷ್ಟ.

ರಂಝಾನಿನ ಕೊನೆಗೆ ಬರುವ ಪೆರ್ನಾಲ್ ಹಬ್ಬವೂ ಮುಗಿಯಿತು. ಹಬ್ಬದ ಮರುದಿನದಿಂದ ಕೆಲವರು ಆರು ಸುನ್ನತ್ ನೋಂಬು ಹಿಡಿಯುತ್ತಾರೆ. ಅದು ಕಡ್ಡಾಯವಲ್ಲ, ಪುಣ್ಯಕ್ಕೆಂದು ಹಿಡಿಯುವುದು. ಅತ್ತಿಗೆಯೂ ಹಿಡಿದಳು. ಆರು ಮುಗಿದ ಮೇಲೂ ಅವಳು ನಿಲ್ಲಿಸಲಿಲ್ಲ. ಪ್ರತಿ ಸೋಮವಾರ, ಪ್ರತಿ ಗುರುವಾರ ನೋಂಬು. ಆ ಎರಡು ದಿನಗಳ ನೋಂಬೂ ಸುನ್ನತ್ತೇ. ಬಿಸಿಲಿಗೆ ಅಂಗಳದ ಕಲ್ಲು ಕಾಲು ಸುಡುತ್ತಿದ್ದ ದಿನಗಳವು. ಅವಳು ಬಾವಿಯಿಂದ ನೀರು ಸೇದಿ, ಮಕ್ಕಳನ್ನು ಶಾಲೆಯ ಬಸ್ಸಿಗೆ ಹತ್ತಿಸಿ, ನನ್ನ ಬಾಣಂತನದ ಅಡುಗೆಯನ್ನೂ ಮಾಡಿ, ಸಂಜೆ ಒಂದು ಲೋಟ ನೀರು ಹಿಡಿದು ಬಾಂಗಿಗೆ ಕಾಯುತ್ತಿದ್ದಳು.

ಬಾಪನ ಹೆಮ್ಮೆ ಹೇಳತೀರದು. ಯಾರು ಬಂದರೂ ಅದೇ ಮಾತು. "ನಮ್ಮ ಸೊಸೆ ಉಂಟಲ್ಲ, ಸೋಮವಾರ ಗುರುವಾರ ಒಂದೂ ಬಿಡುವುದಿಲ್ಲ. ಈ ಕಾಲದಲ್ಲಿ ಯಾರು ಹಿಡಿಯುತ್ತಾರೆ ಹೇಳಿ?" ಅತ್ತಿಗೆ ಚಹಾದ ತಟ್ಟೆ ಇಟ್ಟು ತಲೆ ತಗ್ಗಿಸಿ ಒಳಗೆ ಬಂದುಬಿಡುತ್ತಿದ್ದಳು. ವಿನಯ ಎಂದುಕೊಂಡೆ. ಒಳಗೊಳಗೆ ನನಗೆ ಉರಿಯುತ್ತಿತ್ತು. ಅವಳು ಬೇಡದ ನೋಂಬನ್ನೂ ಹಿಡಿಯುತ್ತಾಳೆ, ನಾನು ಹಿಡಿಯಲೇಬೇಕಾದ ಒಂದು ಇಡೀ ತಿಂಗಳನ್ನು ಬಿಟ್ಟು ಕೂತು ತುಪ್ಪ ತಿನ್ನುತ್ತಿದ್ದೇನೆ.

ಫರಂಗಿಪೇಟೆಯಿಂದ ಸೋದರತ್ತೆ ಮಗುವನ್ನು ನೋಡಲು ಬಂದರು. ಬಾಪನ ಅಕ್ಕ, ಮಾತು ಜೋರು. ಮಗುವನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿ, "ದೇಹ ಚೆನ್ನಾಗಿ ಬಂದಿದೆಯಲ್ಲ! ನಿನ್ನ ನೋಂಬು ಶುರು ಮಾಡಿದೆಯಾ?" ಎಂದು ಕೇಳಿದರು.

"ಹಾಲು ಕುಡಿಯುವ ಮಗು ಅಲ್ಲವಾ ಮಾಮಿ..." ಎಂದೆ.

"ನಾವೆಲ್ಲ ಹಾಲು ಕುಡಿಸಿಕೊಂಡೇ ಹಿಡಿದದ್ದು. ಗದ್ದೆ ಕೆಲಸವೂ ಇತ್ತು ಆಗ. ನಿನ್ನ ಅತ್ತಿಗೆಯನ್ನು ನೋಡು."

ನಾನು ಬಾಪನ ಮುಖ ನೋಡಿದೆ. ಅವರು ಏನಾದರೂ ಹೇಳಿಯಾರು ಎಂದು ಕಾದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಆ ಗಳಿಗೆಯಲ್ಲೇ ನಿರ್ಧಾರ ಮಾಡಿಬಿಟ್ಟೆ.

ರಕ್ತ ನಿಂತು ಕೆಲವು ದಿನಗಳಾಗಿದ್ದವು; ಮುಂದಿನ ಸೋಮವಾರ ನೋಂಬು ಹಿಡಿದೆ. ಯಾರಿಗೂ ಹೇಳಲಿಲ್ಲ. ಉಮ್ಮ ತಂದಿಟ್ಟ ಗಂಜಿಯನ್ನು ಹಿತ್ತಲಿನ ಬಾಳೆಯ ಬುಡಕ್ಕೆ ಚೆಲ್ಲಿದೆ. ರಂಝಾನಿನಲ್ಲಿ ಕದ್ದು ತಿಂದವಳು ಈಗ ಕದ್ದು ಉಪವಾಸವಿದ್ದೆ. ಮೊದಲ ದಿನ ಕಳೆಯಿತು, ಹೆಮ್ಮೆಯೂ ಆಯಿತು. ಗುರುವಾರ ಮತ್ತೆ ಹಿಡಿದೆ. ಮಗು ಸಂಜೆಯಾಗುತ್ತಲೇ ಕಿರಿಚತೊಡಗಿತು. ಎದೆಗೆ ಹಾಕಿದರೆ ಸ್ವಲ್ಪ ಹೀರಿ, ಬಿಟ್ಟು, ಮತ್ತೆ ಅಳುವುದು. ಉಮ್ಮ ಹೊಟ್ಟೆಯಲ್ಲಿ ವಾಯು ಇರಬೇಕೆಂದು ಬಜೆ ತೇದು ನಾಲಗೆಗೆ ಹಚ್ಚಿದಳು. ಅದು ವಾಯುವಲ್ಲ, ನನ್ನ ಎದೆ ಖಾಲಿ ಎಂದು ಗೊತ್ತಿದ್ದೂ ಸುಮ್ಮನಿದ್ದೆ.

ಮತ್ತೊಂದು ವಾರ ಹೀಗೆಯೇ ಹೋಯಿತು. ಒಂದು ಗುರುವಾರ ಮಗು ಬೆಳಗ್ಗಿನಿಂದ ಬಟ್ಟೆ ಒದ್ದೆ ಮಾಡಿರಲಿಲ್ಲ. ಅಳುವುದನ್ನೂ ನಿಲ್ಲಿಸಿ ಮಂಕಾಗಿ ಮಲಗಿತ್ತು. ಎತ್ತಿಕೊಳ್ಳಲು ಬಗ್ಗಿದೆ, ಕಣ್ಣಿಗೆ ಕತ್ತಲೆ ಬಂತು. ಎಚ್ಚರವಾದಾಗ ನೆಲದ ಮೇಲಿದ್ದೆ. ಅತ್ತಿಗೆ ಮುಖಕ್ಕೆ ನೀರು ಹಾಕುತ್ತಿದ್ದಳು, ಬಾಪ ರಿಕ್ಷಾಕ್ಕೆ ಫೋನ್ ಮಾಡುತ್ತಿದ್ದರು.

ಮೂಡುಬಿದಿರೆಯ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಮೊದಲು ಮಗುವನ್ನು ನೋಡಿದರು. ನೆತ್ತಿ ಮುಟ್ಟಿದರು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರು. ಆಮೇಲೆ ನನ್ನ ಬಿ.ಪಿ. ನೋಡುತ್ತಾ, "ಬೆಳಿಗ್ಗೆ ಎಂತ ತಿಂದದ್ದು ನೀವು?" ಎಂದರು.

ಪಕ್ಕದಲ್ಲಿ ಬಾಪ ನಿಂತಿದ್ದರು. ಬಾಗಿಲ ಪರದೆಯಾಚೆ ಬೆಂಚಿನ ಮೇಲೆ ಜನ.

"ನಿನ್ನೆ ರಾತ್ರಿ?"

"ಅನ್ನ... ಜಾವದಲ್ಲಿ ಸ್ವಲ್ಪ ಚಹಾ, ಬ್ರೆಡ್ಡು."

"ಜಾವದಲ್ಲಿಯಾ?" ಅವರು ಪೆನ್ನು ಕೆಳಗಿಟ್ಟರು. "ನೋಂಬಾ? ರಂಝಾನ್ ಮುಗಿದು ಎಷ್ಟು ಸಮಯ ಆಯಿತು ಮಾರಾಯ್ತಿ!"

ಅವರೇನೂ ಬೈಯಲಿಲ್ಲ. ಧ್ವನಿ ಸ್ವಲ್ಪ ದೊಡ್ಡದಾಯಿತು ಅಷ್ಟೆ. ಬೆಂಚಿನ ಮೇಲಿದ್ದವರಿಗೆಲ್ಲ ಕೇಳಿಸಿತು ಎಂದು ನನಗೆ ಕಿವಿಯ ತುದಿವರೆಗೆ ಬಿಸಿಯಾಯಿತು. ನರ್ಸ್ ಒಂದು ಲೋಟ ಸಕ್ಕರೆ ಉಪ್ಪು ಕಲಸಿದ ನೀರು ಕೊಟ್ಟಳು. ಬಾಪನ ಎದುರು, ಹಗಲಿನಲ್ಲಿ, ಅದನ್ನು ಕುಡಿದೆ. ಬಾಪ ಗೋಡೆಯ ಮೇಲಿನ ಲಸಿಕೆಯ ಚಿತ್ರವನ್ನೇ ನೋಡುತ್ತಿದ್ದರು. ಮಗುವಿಗೆ ಸಂಜೆಯವರೆಗೆ ಅಲ್ಲಿಯೇ ಡ್ರಿಪ್ ಹಾಕಿದರು. ಅಷ್ಟು ಸಣ್ಣ ಕೈಯಲ್ಲಿ ನರ ಸಿಗದೆ ಎರಡು ಸಲ ಚುಚ್ಚಿದರು. ಆ ಅಳು ನನ್ನ ಲೆಕ್ಕಕ್ಕೆ ಎಂದು ಗೊತ್ತಿತ್ತು. ಮಗುವಿನ ಕಾಲು ಹಿಡಿದುಕೊಂಡು ಕೂತಿದ್ದೆ, ತಲೆ ಎತ್ತಲಿಲ್ಲ.

ಮನೆಗೆ ಬಂದಾಗ ಸಂಜೆಯ ಮಗ್ರಿಬ್ ನಮಾಝಿನ ಹೊತ್ತು ಕಳೆದಿತ್ತು. ಅತ್ತಿಗೆ ಅವಸರದಲ್ಲಿ ನೀರು ಕುಡಿದು ನೋಂಬು ಮುಗಿಸಿದ್ದಳು, ಊಟ ಮಾಡಿರಲಿಲ್ಲ. ನನಗೆ ಮೀನು ಸಾರು ಬಿಸಿ ಮಾಡುತ್ತಿದ್ದಳು. ಬಾಪ ಅಡುಗೆಮನೆಗೆ ಬಂದು, ಎಂದೂ ಇಲ್ಲದೆ, ಸ್ಟೂಲಿನ ಮೇಲೆ ಕೂತರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ನಿನಗೆ ಯಾರು ಹೇಳಿದ್ದು ಹಿಡಿಯಲಿಕ್ಕೆ? ಅತ್ತಿಗೆಯನ್ನು ನೋಡಿ ಹಿಡಿದದ್ದಾ? ಅವಳದ್ದು ಬೇರೆ. ಅವಳಿಗೆ ಆರೋಗ್ಯ ಉಂಟು, ಇಷ್ಟಪಟ್ಟು ಸುನ್ನತ್ ಹಿಡಿಯುತ್ತಾಳೆ. ನೀನು ಅವಳ ಜೊತೆ ಪಂದ್ಯ ಕಟ್ಟುವುದಾ?"

ಅತ್ತಿಗೆ ಸೌಟು ಕೆಳಗಿಟ್ಟಳು. ಗ್ಯಾಸ್ ಆರಿಸಿದಳು.

"ಮಾಮ, ನನ್ನದು ಸುನ್ನತ್ ಅಲ್ಲ."

"ಏನು?"

"ನನ್ನದು ಖಳಾ. ದೊಡ್ಡವನು ಹೊಟ್ಟೆಯಲ್ಲಿದ್ದಾಗ ಬಿಟ್ಟದ್ದು, ಸಣ್ಣವಳ ಬಾಣಂತನದಲ್ಲಿ ಬಿಟ್ಟದ್ದು. ಮತ್ತೆ ಪ್ರತಿ ರಂಝಾನಿನಲ್ಲಿ..." ಅವಳು ಅಲ್ಲಿಗೆ ನಿಲ್ಲಿಸಿದಳು. ಆಮೇಲೆ ಹೇಳಿಯೇಬಿಟ್ಟಳು. "ಹೆಂಗಸರಿಗೆ ಪ್ರತಿ ರಂಝಾನಿನಲ್ಲಿಯೂ ಕೆಲವು ದಿನ ಹೋಗುತ್ತದೆ ಮಾಮ. ಅದನ್ನೆಲ್ಲ ಹಿಡಿಯುವುದು. ನೀವು ಸುನ್ನತ್ ಅಂದಿರಿ. ಬಂದವರ ಎದುರು ಅಲ್ಲ ಎನ್ನಲು ನನಗೆ ನಾಚಿಕೆಯಾಯಿತು. ಅಲ್ಲ ಎಂದರೆ ಯಾಕೆ ಎಂದು ಕೇಳುತ್ತಾರಲ್ಲ."

ನಾನು ತಟ್ಟೆ ನೋಡುತ್ತಾ ಕೂತೆ. ಇಷ್ಟು ವಾರ ಅವಳ ಮೇಲೆ ನಾನು ಪಟ್ಟ ಅಸೂಯೆಯೆಲ್ಲ ಒಮ್ಮೆಗೇ ನನ್ನ ಮೇಲೆ ಬಿತ್ತು. ಒಂದೇ ಮನೆ, ಒಂದೇ ಉಗ್ರಾಣ. ರಂಝಾನಿನಲ್ಲಿ ಅವಳೂ ಆ ಬಾಗಿಲ ಹಿಂದೆ ತಿಂದದ್ದನ್ನು ನಾನು ಕಂಡಿದ್ದೆ. ಆದರೂ ಕೇಳಬೇಕೆಂದು ತೋಚಿರಲಿಲ್ಲ. ನನಗೆ ಬಾಕಿ ಇರುವುದಾದರೆ ಅವಳಿಗೂ ಇರುತ್ತದೆ ಎಂಬ ಅಷ್ಟು ಸಣ್ಣ ಲೆಕ್ಕ ಗಣಿತದ ಟೀಚರಿಗೆ ಹೊಳೆದಿರಲಿಲ್ಲ.

ಬಾಪ ಉಮ್ಮನ ಕಡೆ ತಿರುಗಿದರು. ಉಮ್ಮ ಒಲೆಯ ಕಟ್ಟೆಗೆ ಒರಗಿ ನಿಂತಿದ್ದಳು. ಮದುವೆಯಾದಂದಿನಿಂದ ಚಳಿಗಾಲ ಬಂದರೆ ಉಮ್ಮ ನೋಂಬು ಹಿಡಿಯುತ್ತಾಳೆ. ಹಗಲು ಸಣ್ಣದಿರುತ್ತದೆ ಎಂದು ಆ ಕಾಲ ಆರಿಸಿಕೊಂಡಿದ್ದಳು. ಅದನ್ನೂ ಬಾಪ ಊರಿಗೆಲ್ಲ ಹೇಳಿದ್ದರು.

"ನಿನ್ನದು?" ಬಾಪ ಕೇಳಿದರು.

"ನನ್ನದೂ ಅದೇ," ಎಂದಳು ಉಮ್ಮ. "ಐದು ಹೆರಿಗೆ. ಇನ್ನೂ ಮುಗಿದಿಲ್ಲ."

ಬಾಪ ಎದ್ದರು, ಕೂತರು, ಮತ್ತೆ ಎದ್ದರು. ಕಿತಾಬು ಓದಿದ ಮನುಷ್ಯ ಅವರು, ಮಸಅಲೆ, ಅಂದರೆ ಧರ್ಮದ ನಿಯಮ, ಗೊತ್ತಿಲ್ಲದವರಲ್ಲ. ಅದು ತನ್ನ ಮನೆಯ ಹೆಂಗಸರ ಮೈಯ ವಿಷಯ ಎಂದು ಮಾತ್ರ ಒಮ್ಮೆಯೂ ಯೋಚಿಸಿರಲಿಲ್ಲ. "ನನಗೆ ಹೇಳಬಹುದಿತ್ತಲ್ಲ," ಎಂದರು.

"ಹೇಗೆ ಹೇಳುವುದು?" ಎಂದಳು ಉಮ್ಮ. ಬಾಪ ಚಾವಡಿಗೆ ಹೋಗಿ ದೀಪ ಹಾಕದೆ ಕೂತರು. ಬಾಪನಿಗೆ ನಾಚಿಕೆಯಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅದಕ್ಕೆ ಕಾರಣ ನಾನೇ ಎಂಬುದು ನನಗೆ ಮತ್ತೊಂದು ನಾಚಿಕೆ.

ಮರುದಿನ ಶುಕ್ರವಾರ. ಜುಮಾ ನಮಾಝ್ ಮುಗಿಸಿ ಬಂದ ಬಾಪ ನನ್ನನ್ನು ಊಟದ ಮೇಜಿಗೆ ಕರೆದರು. ಅತ್ತಿಗೆ ಬಡಿಸಿದಳು. ಎದುರು ಕೂತು ಅವರು ಒಂದು ಮೀನಿನ ತುಂಡು ನನ್ನ ತಟ್ಟೆಗೆ ಹಾಕಿ, "ತಿನ್ನು. ಮಗು ದೊಡ್ಡದಾಗಲಿ, ಆಮೇಲೆ ನೋಡುವ," ಎಂದರು. ಸೋದರತ್ತೆಗೂ ಫೋನ್ ಮಾಡಿ ಏನೋ ಹೇಳಿದರಂತೆ. ಉಮ್ಮ ನನಗೆ ಪೂರ್ತಿ ಹೇಳಲಿಲ್ಲ. ಬಂದವರ ಎದುರು ಸೊಸೆಯ ನೋಂಬಿನ ಮಾತು ಅಲ್ಲಿಗೆ ನಿಂತಿತು.

ಎಲ್ಲ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಮಗಳಿಗೆ ಮೊಲೆ ಬಿಡಿಸಿದ ಮೇಲೆ ಡಿಸೆಂಬರಿನ ರಜೆಯಲ್ಲಿ ತವರಿಗೆ ಬಂದು ಅತ್ತಿಗೆಯ ಜೊತೆ ಖಳಾ ಹಿಡಿಯತೊಡಗಿದೆ. ಇಬ್ಬರೂ ಒಟ್ಟಿಗೆ ಹಿಡಿದರೆ ಹಸಿವು ಅಷ್ಟಾಗಿ ಕಾಡುವುದಿಲ್ಲ. ಉಮ್ಮನಿಗೆ ಮಾತ್ರ ಆಗಲಿಲ್ಲ. ಅವಳ ಸಕ್ಕರೆ ಕಾಯಿಲೆ ಜಾಸ್ತಿಯಾಗಿತ್ತು, ಇನ್ಸುಲಿನ್ ಶುರುವಾಗಿತ್ತು. ಇನ್ನು ನೋಂಬು ಹಿಡಿಯುವಂತಿಲ್ಲ ಎಂದರು ಡಾಕ್ಟರು. ಹಿಡಿಯಲಾರದವರು ಒಂದೊಂದು ನೋಂಬಿಗೂ ಒಂದು ಪಾಲು ಅಕ್ಕಿಯನ್ನು ಬಡವರಿಗೆ ಕೊಡಬೇಕು. ಮದ್ರಸದ ಉಸ್ತಾದರ ಹತ್ತಿರ ಕೇಳಿ ಬಂದ ಬಾಪ ಕುಚ್ಚಲಕ್ಕಿಯ ಚೀಲ ತರಿಸಿ ಚಾವಡಿಯಲ್ಲಿ ತಾವೇ ಅಳೆದರು. ಉಮ್ಮ ಒಳಗಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅಕ್ಕಿ ಬೀಳುವ ಸದ್ದು ಅವಳಿಗೆ ಕೇಳುತ್ತಿತ್ತು.

ಅಕ್ಕಿ ಕೊಡಲು ಹೋದದ್ದು ನಾನು. ಬಂಟ್ವಾಳದ ಕಡೆಯಿಂದ ಬಂದು ನಮ್ಮೂರಲ್ಲಿ ಬಾಡಿಗೆಗಿರುವ ಒಬ್ಬ ವಿಧವೆಯ ಮನೆ. ಅವಳು ಚೀಲ ಒಳಗಿಟ್ಟು ಬಂದು, ದುಆ ಮಾಡಲು ಕೈ ಎತ್ತಿ, "ಯಾರ ನೋಂಬಿನದ್ದು?" ಎಂದು ಕೇಳಿದಳು.

ಉಮ್ಮನದ್ದು ಎನ್ನಬಹುದಿತ್ತು. ಅಡುಗೆಮನೆಯಲ್ಲಿ ಅತ್ತಿಗೆ ಹೇಳಿದ ಹಾಗೆ ನೇರವಾಗಿ ಹೇಳಬಹುದಿತ್ತು. ಆದರೆ ಅಂಗಳದಲ್ಲಿ ನೆರೆಮನೆಯ ಇಬ್ಬರು ಗಂಡಸರು ನಿಂತಿದ್ದರು.

"ಮನೆಯದ್ದು," ಎಂದು ಹೇಳಿ ಬೇಗ ಬೇಗ ಹೊರಟು ಬಂದೆ.